ಕಲ್ಲನ್ನೊಡೆಯುವ ಅಲೆ

ಹೊಟ್ಟೆನೋವೆಂದು ಅಳುವ ಐದು ವರ್ಷದ ಮಗುವಿಗೆ ಓಮದ ಕಷಾಯ ಕುಡಿಸಿ, ಜಂತುಹುಳುವಿನ ಔಷಧವನ್ನೂ ಕೊಟ್ಟು, ಕಡೆಗೆ ವೈದ್ಯರಲ್ಲಿಗೆ ಕರೆದೊಯ್ದಾಗ “ಮೂತ್ರಪಿಂಡದಲ್ಲಿ ಕಲ್ಲಿದೆ” ಎಂಬ ಮಾತು ಬಂದರೆ ತಾಯ್ತಂದೆಯರು ನಂಬಲಾರರು. ಅದು ದೊಡ್ಡವರ ರೋಗವೆಂದೇ ಲೋಕದ ಎಣಿಕೆ. ಆದರೆ ಅಶ್ಮರಿಯು ಹೆಚ್ಚಾಗಿ ಬಾಲಕರನ್ನೇ ಕಾಡುವುದೆಂದು ಸುಶ್ರುತನು ಎಂದೋ ಹೇಳಿದ್ದಾನೆ. ಅವನು ವಿವರಿಸಿದ್ದು ಮೂತ್ರಾಶಯದ ಕಲ್ಲನ್ನು. ಔಷಧಕ್ಕೆ ಬಗ್ಗದಿದ್ದರೆ ಶಸ್ತ್ರವೇ ಗತಿಯಾಗಿತ್ತು.

ಮೂತ್ರಪಿಂಡದ ಕಲ್ಲಿಗೆ ಶಸ್ತ್ರವಿಲ್ಲದ ದಾರಿಯೊಂದು ತೆರೆದದ್ದು ಜರ್ಮನಿಯ ಮ್ಯೂನಿಕ್ ನಗರದಲ್ಲಿ. ಶಬ್ದವೇಗವನ್ನು ಮೀರಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದರೆ ಲೋಹಕ್ಕೇನಾಗುವುದೆಂದು ಡಾರ್ನಿಯರ್ ವಿಮಾನ ಸಂಸ್ಥೆಯವರು ಪರೀಕ್ಷಿಸುತ್ತಿದ್ದರು. ಆ ಶೋಧನೆಯಿಂದ ಬೆಳೆದ ಯಂತ್ರದಿಂದ ಕ್ರಿಶ್ಚಿಯನ್ ಶೌಸಿ ಎಂಬ ವೈದ್ಯರು ೧೯೮೦ರ ಫೆಬ್ರವರಿಯಲ್ಲಿ ಮೊದಲ ರೋಗಿಗೆ ಚಿಕಿತ್ಸೆ ಮಾಡಿದರು. ಕೆಲವೇ ವರ್ಷಗಳಲ್ಲಿ ಅದು ಮಕ್ಕಳಿಗೂ ದೊರೆಯಿತು.

‘ಆಘಾತ ತರಂಗ’ ಎಂಬ ಹೆಸರೇ ಹೆತ್ತವರನ್ನು ಬೆದರಿಸುತ್ತದೆ. ಇದು ವಿದ್ಯುತ್ತಿನ ಆಘಾತವಲ್ಲ, ಒತ್ತಡದ ಅಲೆ. ದೇಹದ ಮೃದುಭಾಗಗಳು ಬಹುಮಟ್ಟಿಗೆ ನೀರಿನಂತಿರುವುದರಿಂದ ಅಲೆ ಅವುಗಳನ್ನು ಹಾದುಹೋಗಿ, ಗುರಿಯಿಟ್ಟ ಕಲ್ಲಿನ ಮೇಲೆ ಒಟ್ಟುಗೂಡಿ ಅದನ್ನು ಬಿರಿಸುತ್ತದೆ. ಇಂಥ ನೂರಾರು, ಹೆಚ್ಚಾಗಿ ಸಾವಿರಕ್ಕೂ ಮೀರಿದ ಪೆಟ್ಟುಗಳಿಂದ ಕಲ್ಲು ಪುಡಿಯಾಗಿ ಮೂತ್ರದೊಡನೆ ಹೊರಬೀಳಬೇಕು.

ಇಲ್ಲಿ ಮಗುವಿನ ಎಳೆತನವೇ ಅದಕ್ಕೆ ನೆರವು. ಮೈ ತೆಳುವಾದ್ದರಿಂದ ಅಲೆಗೆ ದಾರಿ ಕಿರಿದು. ಮೂತ್ರನಾಳವು ಗಿಡ್ಡವಾಗಿಯೂ ಹಿಗ್ಗುವಂಥದಾಗಿಯೂ ಇರುವುದರಿಂದ ಚೂರುಗಳು ದೊಡ್ಡವರಲ್ಲಿಗಿಂತ ಸುಲಭವಾಗಿ ಇಳಿಯುತ್ತವೆ. ಆದರೆ ಅಲುಗದೆ ಮಲಗೆಂದರೆ ಕೂಸು ಕೇಳೀತೆ? ಚಿಕ್ಕ ಮಕ್ಕಳಿಗೆ ಅರಿವಳಿಕೆ ಕೊಡಲೇಬೇಕು. ಅಲೆ ಗಾಳಿಯನ್ನು ಸಂಧಿಸಿದರೆ ಹಾನಿ. ಪುಟ್ಟ ಮೈಯಲ್ಲಿ ಶ್ವಾಸಕೋಶವು ಮೂತ್ರಪಿಂಡಕ್ಕೆ ಹತ್ತಿರವೇ ಇರುವುದರಿಂದ ಎದೆಗೆ ನೊರೆಹಲಗೆಯ ಮರೆ ಕಟ್ಟುವುದುಂಟು. ಕೆಲವೊಮ್ಮೆ ಚೂರುಗಳು ನಾಳದಲ್ಲಿ ಸಾಲುಗಟ್ಟಿ ನಿಂತು ಮೂತ್ರವನ್ನೇ ತಡೆಯುತ್ತವೆ. ಜರ್ಮನರು ಇದನ್ನು ‘ಕಲ್ಲುಬೀದಿ’ ಎನ್ನುತ್ತಾರೆ. ಹೆಸರು ಸೊಗಸು, ನೋವು ಘೋರ. ಎರಡು ಸೆಂಟಿಮೀಟರನ್ನು ಮೀರಿದ ಕಲ್ಲಿಗೆ ಸಾಮಾನ್ಯವಾಗಿ ಬೇರೆ ವಿಧಾನವೇ ಮೇಲು.

ಕಲ್ಲು ಹೋಯಿತೆಂದು ಹರಕೆ ತೀರಿಸಿ ಮರೆತುಬಿಡುವ ಮನೆಗಳೇ ಹೆಚ್ಚು. ಮೂತ್ರದಲ್ಲಿ ಕ್ಯಾಲ್ಸಿಯಂ ಮಿತಿಮೀರುವುದು, ಸಿಟ್ರೇಟ್ ಕುಗ್ಗುವುದು, ಹುಟ್ಟಿನಿಂದ ಬಂದ ಸಿಸ್ಟಿನ್ ದೋಷ, ಇಂಥ ಕಾರಣ ಮಗುವಿನೊಳಗೇ ಉಳಿದಿದ್ದರೆ ಕಲ್ಲು ಮತ್ತೆ ಕಟ್ಟುತ್ತದೆ. ಸಿಸ್ಟಿನ್ ಕಲ್ಲಂತೂ ಅಲೆಗೆ ಸುಲಭವಾಗಿ ಮಣಿಯದು. ಆದುದರಿಂದಲೇ ಚಿಕಿತ್ಸೆಯ ಮರುದಿನಗಳಲ್ಲಿ ತಾಯಿಯು ಮಗುವಿನ ಮೂತ್ರವನ್ನು ತೆಳುಬಟ್ಟೆಯಲ್ಲಿ ಸೋಸಿ, ಸಿಕ್ಕಿದ ಮರಳಿನಂಥ ಚೂರುಗಳನ್ನು ಚಿಕ್ಕ ಶೀಷೆಯಲ್ಲಿಟ್ಟು ವೈದ್ಯರ ಕೈಗೆ ಕೊಡಬೇಕು. ಅದು ಯಾವ ಜಾತಿಯ ಕಲ್ಲೆಂಬುದನ್ನು ಆ ಚೂರೇ ಹೇಳುತ್ತದೆ.