ಗಡಿ ಎಳೆದರೆ ಹೂಳು ಹೋಗದು

ಉತ್ತರ ಕರ್ನಾಟಕ ಪ್ರತ್ಯೇಕ ರಾಜ್ಯವಾಗಬೇಕೆಂಬ ಕೂಗು ಮತ್ತೆ ಮತ್ತೆ ಏಳುತ್ತದೆ. 2018ರ ಆಗಸ್ಟ್ 2ರಂದು ಅದಕ್ಕಾಗಿ ಬಂದ್‌ಗೆ ಕರೆ ಬಂದಾಗ ಇದೇ ಭಾಗದ ಹಲವು ಸಂಘಟನೆಗಳು ಬೆಂಬಲಿಸಲಿಲ್ಲ. ಕೂಗಿನ ಹಿಂದಿನ ನೋವು ಸುಳ್ಳಲ್ಲ: ನಂಜುಂಡಪ್ಪ ಸಮಿತಿಯು 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಕುಷ್ಟಗಿ, ಯಲಬುರ್ಗಾ ಎರಡೂ ಇವೆ. ಆದರೆ ಅದಕ್ಕೆ ಮದ್ದು ಹೊಸ ಗಡಿಯೆ?

ಕೊಪ್ಪಳ ಜಿಲ್ಲೆಯೊಳಗೇ ನೋಡಿರಿ. ಎಡದಂಡೆ ಕಾಲುವೆಯಿಂದ ಗಂಗಾವತಿ ಭತ್ತದ ಕಣಜವಾಯಿತು. ಕುಷ್ಟಗಿ, ಯಲಬುರ್ಗಾಗಳು ಮುಗಿಲನ್ನೇ ನೋಡುತ್ತ ಉಳಿದವು. ರಾಜಧಾನಿ ಹತ್ತಿರವಾದ ಮಾತ್ರಕ್ಕೆ ಈ ಅಂತರ ಅಳಿಯದು.

1953ರಲ್ಲಿ ಆಂಧ್ರ, 2014ರಲ್ಲಿ ತೆಲಂಗಾಣ ಬೇರೆಯಾದವು, ತುಂಗಭದ್ರೆ ಬೇರೆಯಾಗಲಿಲ್ಲ. ಮೂರೂ ರಾಜ್ಯಗಳು ಇಂದಿಗೂ ಒಂದೇ ಜಲಾಶಯದ ನೀರಿಗೆ ಕೈಯೊಡ್ಡಿವೆ. 133 ಟಿಎಂಸಿ ಅಡಿ ಹಿಡಿಯುತ್ತಿದ್ದ ಆ ಜಲಾಶಯ ಹೂಳು ತುಂಬಿ ಸುಮಾರು 105ಕ್ಕೆ ಇಳಿದಿದೆ. ಆ ಹೂಳಿನಲ್ಲಿ ನಮ್ಮ ಮಲೆಗಳ ಮಣ್ಣೂ ಇದೆ. ಮೇಲೆ ಕಾಡು ಕಳೆದವರು ನಾವು. ಕೆಳಗೆ ನೀರು ಕಳೆದುಕೊಂಡವರು ನೀವು. ನಡುವೆ ಗಡಿ ಬಂದರೆ ಈ ಲೆಕ್ಕ ಕೇಳಲು ನೀವು ನ್ಯಾಯಮಂಡಳಿಯ ಬಾಗಿಲಲ್ಲಿ ನಿಲ್ಲಬೇಕಾದೀತು.

ಕೇಳಬೇಕಾದುದು ಇನ್ನೊಂದು ವಿಧಾನಸೌಧವನ್ನಲ್ಲ: ಮಲೆಯಲ್ಲಿ ಕಾಡು, ಬಯಲಿನಲ್ಲಿ ಕೆರೆ, ಕಾಲುವೆಯ ಕೊನೆಯ ಹೊಲಕ್ಕೂ ನೀರು. ಕೇಳಿರಿ, ಒಂದೇ ರಾಜ್ಯದವರಾಗಿ ಕೇಳಿರಿ, ನಾವೂ ದನಿಗೂಡಿಸುತ್ತೇವೆ.