ಹಳೆಯ ಜಾವಾಕ್ಕೆ ಹೊಸ ಪಿಸ್ಟನ್

ಪುಣೆಗೆ ಬಂದು ನೆಲೆಸಿದ ನಮ್ಮವರ ಮನೆಗಳಲ್ಲಿ ಊರಿನಿಂದ ಹೊತ್ತು ತಂದ ಒಂದು ವಸ್ತುವಾದರೂ ಇದ್ದೇ ಇರುತ್ತದೆ. ಕೆಲವರಲ್ಲಿ ಒರಳುಕಲ್ಲು, ಕೆಲವರಲ್ಲಿ ವೀಣೆ. ನಮ್ಮಲ್ಲಿರುವುದು ತೀರ್ಥರೂಪರು ಮೈಸೂರಿನಲ್ಲಿ ಕೊಂಡು, ವರ್ಗವಾದಾಗ ರೈಲಿಗೆ ಹಾಕಿ ತಂದ ಜಾವಾ ಫಟಫಟಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ ಗಾಡಿ ಮಾಡಿ, 1996ರಲ್ಲಿ ಬಾಗಿಲು ಹಾಕಿದ್ದು ವಾಚಕರಿಗೆ ಗೊತ್ತೇ ಇದೆ. ಒದ್ದು ಚಾಲೂ ಮಾಡುವ ಸನ್ನೆಯೇ ಗೇರಿನ ಸನ್ನೆಯೂ ಆಗುವ ಚಮತ್ಕಾರವನ್ನು ಮನೆಗೆ ಬಂದ ಮಕ್ಕಳಿಗೆ ತೋರಿಸುವುದೆಂದರೆ ನಮಗೆ ಈಗಲೂ ಒಂದು ಸಂಭ್ರಮ.

ಹಿಂದಿನ ಬೇಸಿಗೆಯಲ್ಲಿ ಮನೆಯವರನ್ನು ಹಿಂದೆ ಕೂರಿಸಿಕೊಂಡು ಕಾತ್ರಜ್ ಘಟ್ಟ ಏರುತ್ತಿದ್ದೆವು. ಅರ್ಧ ದಾರಿಯಲ್ಲಿ ಇಂಜಿನ್ ಕಿರ್ರೆಂದು ಕಚ್ಚಿಕೊಂಡಿತು. ಹಿಂದಿನ ಗಾಲಿ ನಿಂತೇ ಹೋಯಿತು. ಕ್ಲಚ್ ಹಿಡಿಯುವಷ್ಟರಲ್ಲಿ ಇಬ್ಬರೂ ರಸ್ತೆಯ ಮೇಲಿದ್ದೆವು. ಮನೆಯವರ ಮೊಣಕಾಲು ತರಚಿತು. ಹಿಂದೆ ಲಾರಿ ಇರಲಿಲ್ಲವೆಂಬುದು ನಮ್ಮ ಪುಣ್ಯ.

ಬಿಚ್ಚಿ ನೋಡಿದರೆ ತಪ್ಪು ಹಳೆಯದು. ಹಿಂದೊಮ್ಮೆ ಕೆಲಸ ಮಾಡಿದ ವರ್ಕ್‌ಶಾಪಿನವರು (ಹೆಸರು ಬೇಡ) ಸಿಲಿಂಡರನ್ನು ಮೊದಲು ವಾಡಿಕೆಯ ಅಳತೆಗೆ ಬೋರ್ ಮಾಡಿ, ಆಮೇಲೆ ಅಂಗಡಿಯಲ್ಲಿ ಸಿಕ್ಕಿದ ಪಿಸ್ಟನ್ ಕೂರಿಸಿದ್ದರು. ಪಿಸ್ಟನ್ ಅಲ್ಯುಮಿನಿಯಂ ಮಿಶ್ರಲೋಹ, ಸಿಲಿಂಡರ್ ಎರಕದ ಕಬ್ಬಿಣ. ಬಿಸಿ ಏರಿದಾಗ ಮೊದಲನೆಯದು ಎರಡನೆಯದರ ಸುಮಾರು ಎರಡರಷ್ಟು ಹಿಗ್ಗುತ್ತದೆ. ನಡುವೆ ಕೂದಲೆಳೆಯಷ್ಟು ಜಾಗ ಬಿಡದಿದ್ದರೆ ಸಮತಟ್ಟಿನಲ್ಲಿ ಹೇಗೋ ನಡೆದೀತು, ಘಟ್ಟದಲ್ಲಿ ಕಚ್ಚುತ್ತದೆ.

ಈ ಸಲ ನಾನಾ ಪೇಟೆಯ ಬಿಡಿಭಾಗದ ಅಂಗಡಿಗಳನ್ನೆಲ್ಲ ಸುತ್ತಿದೆವು. ಅದಕ್ಕೆ ಮೊದಲು ಬೋರಿಂಗ್ ಮಾಡುವ ವೃದ್ಧ ಕಾಕಾ ಒಬ್ಬರು ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೆದು, "ಮೊದಲು ಪಿಸ್ಟನ್ ತನ್ನಿ, ಆಮೇಲೆ ಮಾತು" ಎಂದು ಮರಾಠಿಯಲ್ಲೇ ಗದರಿಸಿ ಕಳಿಸಿದ್ದರು. ಆ ಒಂದು ಮಾತಿಗೆ ನಾವು ಅವರಿಗೆ ಋಣಿಗಳು. ಪಿಸ್ಟನ್ನುಗಳು ಕೂದಲೆಳೆಯಷ್ಟಾದರೂ ಹೆಚ್ಚುಕಡಿಮೆ ಇರುತ್ತವೆ. ಕೈಯಲ್ಲಿರುವ ಪಿಸ್ಟನ್ನನ್ನು ಅಳೆದು ಅದಕ್ಕೆ ತಕ್ಕಂತೆ ಸಿಲಿಂಡರ್ ಕೊರೆಯಬೇಕು. ಅಳೆಯುವುದೂ ಗಜನ್ ಪಿನ್ನಿಗೆ ಅಡ್ಡಲಾಗಿ, ಕೆಳಭಾಗದಲ್ಲಿ. ಪಿಸ್ಟನ್ ಕಣ್ಣಿಗೆ ದುಂಡಗೆ ಕಂಡರೂ ದುಂಡಗಿರುವುದಿಲ್ಲ.

ನಮ್ಮ ಸಂಕಟ ಬೇರೆ. ಜಾವಾದ ಮೂಲ ಅಳತೆ 65 ಮಿಲಿಮೀಟರ್. ತೀರ್ಥರೂಪರ ಕಾಲದಿಂದ 0.25, 0.50, 0.75 ಎಂದು ಏರುತ್ತ ಬಂದಿತ್ತು. ಕಚ್ಚಿದ ಗೀರು ಆಳವಾದುದರಿಂದ ಈಗ ಉಳಿದದ್ದು 1.00 ಒಂದೇ. ಅದೂ ಕೆಟ್ಟರೆ ಸಿಲಿಂಡರಿಗೆ ಲೈನರ್ ಹಾಕಿಸಬೇಕು. ಸಾಧ್ಯವಾದಷ್ಟು ಚಿಕ್ಕ ಅಳತೆಯಲ್ಲೇ ಗೀರು ಹೋಗುವಂತೆ ನೋಡಿಕೊಳ್ಳಿ ಎಂದು ಬಲ್ಲವರು ಹೇಳುವುದು ಇದಕ್ಕೇ. ಅಳತೆ ದೊಡ್ಡದಾದರೆ ಶಕ್ತಿ ಹೆಚ್ಚುತ್ತದೆಂದು ನಂಬಿದವರೂ ಇದ್ದಾರೆ. ನಾವು ಲೆಕ್ಕ ಹಾಕಿದೆವು: 249 ಘನ ಸೆಂಟಿಮೀಟರ್ ಇದ್ದದ್ದು 257 ಆಗುತ್ತದೆ, ಅಷ್ಟೆ.

ಚಿರಂಜೀವಿ ಹೇಳಿದ: "ಅಪ್ಪಾ, ಫೋರ್ಜ್ಡ್ ಪಿಸ್ಟನ್ ಹಾಕಿಸಿ, ಗಟ್ಟಿ." ಗಟ್ಟಿ ಹೌದು, ಆದರೆ ಸಾಮಾನ್ಯವಾಗಿ ಅದು ಇನ್ನೂ ಹೆಚ್ಚು ಹಿಗ್ಗುತ್ತದೆ, ಹೆಚ್ಚು ಜಾಗ ಬೇಡುತ್ತದೆ, ತಣ್ಣಗಿರುವಾಗ ಟಕಟಕ ಸದ್ದು ಮಾಡುತ್ತದೆ. ತೂಕ ಬೇರೆಯಾದರೆ ಕ್ರ್ಯಾಂಕಿನ ಸಮತೋಲವೂ ತಪ್ಪೀತು. ಪಂದ್ಯದ ಗಾಡಿಗೆ ಸರಿ. ಸಂತೆಗೆ ಹೋಗುವ ಗಾಡಿಗೆ ಎರಕದ್ದೇ ಸಾಕೆಂಬುದು ನಮ್ಮ ಮತ. ಹುಡುಗ ಮುಖ ಊದಿಸಿಕೊಂಡ.

ಬುಧವಾರ ಜೂನಾ ಬಾಜಾರಿನಲ್ಲಿ ನೋಡಿದ ಪಿಸ್ಟನ್ ಅಗ್ಗವಾಗಿತ್ತು, ವ್ಯಾಸವೂ ಸರಿಯಿತ್ತು. ಹಳೆಯದರ ಪಕ್ಕ ಇಟ್ಟರೆ ಪಿನ್ನಿನಿಂದ ತಲೆಯವರೆಗಿನ ಎತ್ತರ ಬೇರೆ. ಟೂ-ಸ್ಟ್ರೋಕ್ ಇಂಜಿನ್ನಿನಲ್ಲಿ ಪಿಸ್ಟನ್ನೇ ಕವಾಟ. ಎತ್ತರ ತಪ್ಪಿದರೆ ದ್ವಾರಗಳು ತೆರೆಯುವ ಹೊತ್ತೂ ತಪ್ಪುತ್ತದೆ. ರಿಂಗಿನ ತುದಿಗಳನ್ನು ದ್ವಾರಕ್ಕೆ ಸಿಕ್ಕದಂತೆ ಹಿಡಿಯುವ ಸಣ್ಣ ಮೊಳೆಗಳ ಜಾಗವನ್ನೂ ಹೋಲಿಸಿ ನೋಡಿ. ಸರ್ಕ್ಲಿಪ್ ಮಾತ್ರ ಎಂದೂ ಹಳೆಯದನ್ನು ಹಾಕಬೇಡಿ.

ಕೊನೆಗೆ ನಾನಾ ಪೇಟೆಯಲ್ಲೇ ತಕ್ಕ ಎರಕದ ಪಿಸ್ಟನ್ ಸಿಕ್ಕಿತು. ಕಾಕಾ ಅದನ್ನು ಮೈಕ್ರೋಮೀಟರಿಗೆ ಹಿಡಿದು, ತಯಾರಕರ ಚೀಟಿಯಲ್ಲಿದ್ದ ಅಂತರ ಬಿಟ್ಟು ಕೊರೆದರು. ನಾವೀಗ ಲೀಟರ್ ಪೆಟ್ರೋಲಿಗೆ 40 ಮಿಲಿಲೀಟರ್ ಎಣ್ಣೆ ಬೆರೆಸಿ, ನಿಧಾನವಾಗಿ, ಸಮತಟ್ಟಿನಲ್ಲೇ ಓಡಿಸುತ್ತಿದ್ದೇವೆ. ಕಾತ್ರಜ್‌ಗೆ ಯಾವಾಗ ಎಂದು ಮನೆಯವರನ್ನು ಕೇಳಿದೆವು. "ನೀವು ಮೊದಲು ಹತ್ತಿ ಬನ್ನಿ ರೀ, ನಾನು ಬಸ್ಸಿನಲ್ಲಿ ಹೋಗಿ ಮೇಲೆ ಕಾಯ್ತೀನಿ" ಎಂದರು.