ಹೊಸ್ತಿಲು ದಾಟುವ ಮುಹೂರ್ತ

ನಮ್ಮ ನಾಡಿನಲ್ಲಿ ಮಳೆಗೆ ಬರ ಬಂದರೂ ಸಲಹೆಗೆ ಬರ ಬರುವುದಿಲ್ಲ. ಮನೆಯಲ್ಲೊಂದು ಹಸುಗೂಸು ಇದ್ದಿತೆಂದರೆ ಸಲಹೆಯ ಮುಂಗಾರು ಹನ್ನೆರಡು ತಿಂಗಳೂ ಸುರಿಯುತ್ತದೆ. ತೊಟ್ಟಿಲನ್ನು ಇಣಿಕಿ ನೋಡಿದವರು ಮೊದಲು ಕೇಳುವುದು ಮಗುವಿನ ಹೆಸರು, ಆಮೇಲೆ ಅದರ ತಿಂಗಳು, ಮೂರನೆಯ ಪ್ರಶ್ನೆಯೇ ತೊಡಕಿನದು: "ಇನ್ನೂ ಕೂರುವುದಿಲ್ಲವೆ?" ವ್ಯಾಕರಣ ಪಾಠ ಹೇಳುವಾಗ 'ಇನ್ನೂ' ಎಂಬುದು ಒಂದು ಅವ್ಯಯವೆಂದು ಹೇಳಿ ಮುಂದಕ್ಕೆ ಹೋಗುತ್ತೇವೆ. ಅದರೊಳಗೆ ಎಷ್ಟು ಮುಳ್ಳುಗಳಿವೆಯೆಂಬುದನ್ನು ಯಾವ ವ್ಯಾಕರಣವೂ ಹೇಳಿಲ್ಲ.

ನಮ್ಮ ಮಗಳು ಮೊದಲ ಐದು ತಿಂಗಳು ಯಾರ ಬಾಯಿಗೂ ಸಿಕ್ಕಲಿಲ್ಲ. ಆರನೆಯ ವಾರದ ಒಂದು ಮುಂಜಾನೆ ತಾಯಿಯ ಮುಖವನ್ನು ದಿಟ್ಟಿಸಿ ನಕ್ಕಳು. ನಿದ್ರೆಯಲ್ಲಿ ತಾನಾಗಿ ಮೂಡಿ ಮಾಯವಾಗುವ ನಗೆ ಅದಲ್ಲ, ಗುರುತಿನ ನಗೆ. ನಾಲ್ಕನೆಯ ತಿಂಗಳಿಗೆ ಕತ್ತು ನಿಂತಿತು. ಆಗಲೇ ಅವಳಿಗೆ ತನ್ನ ಕೈಗಳ ಪರಿಚಯವೂ ಆಯಿತು. ಬೆರಳುಗಳನ್ನು ಕಣ್ಣೆದುರಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುವಳು. ಹಳೆಯ ತಾಳೆಗರಿಯನ್ನು ಪರಿಶೀಲಿಸುವ ವಿದ್ವಾಂಸರಲ್ಲಿಯೂ ಅಷ್ಟು ಶ್ರದ್ಧೆಯನ್ನು ನಾನು ಕಂಡಿಲ್ಲ. ಐದನೆಯ ತಿಂಗಳಲ್ಲಿ ಬೋರಲು ಬಿದ್ದಳು. ಮನೆಯಲ್ಲಿ ಪಾಯಸವಾಯಿತು.

ಅಲ್ಲಿಗೆ ಅವಳ ಪ್ರಗತಿ ನಿಂತಂತಾಯಿತು. ಆರು ಕಳೆಯಿತು, ಏಳು ಕಳೆಯಿತು. ಕೂರಿಸಿದರೆ ನೆನೆದ ಮಣ್ಣಿನ ಗೊಂಬೆಯಂತೆ ಒಂದು ಪಕ್ಕಕ್ಕೆ ವಾಲುವಳು. ಎದುರುಮನೆಯ ಕೂಸು ಇವಳಿಗಿಂತ ಹನ್ನೊಂದು ದಿನ ಚಿಕ್ಕದು. ಆರು ತಿಂಗಳು ತುಂಬುವ ಮೊದಲೇ ನೆಟ್ಟಗೆ ಕುಳಿತು ಚಮಚದಿಂದ ತಟ್ಟೆ ಬಾರಿಸುತ್ತಿತ್ತು. ಆ ಸದ್ದು ನಮ್ಮ ಮನೆಗೆ ಚೆನ್ನಾಗಿ ಕೇಳಿಸುತ್ತಿತ್ತು.

ಬಂದವರು ಕಾರಣಗಳನ್ನು ಹುಡುಕಿದರು. ಮೈಗೆ ಎಣ್ಣೆ ತಿಕ್ಕಿದ್ದು ಸಾಲದೆಂದರು ಒಬ್ಬರು. ಬಾಣಂತನದಲ್ಲಿ ಪಥ್ಯ ತಪ್ಪಿರಬೇಕೆಂದರು ಇನ್ನೊಬ್ಬರು. ತಾಯಿ ನೌಕರಿಗೆ ಹೋದರೆ ಹೀಗೆಯೇ ಎಂದು ಮೂರನೆಯವರು ತೀರ್ಪು ಕೊಟ್ಟರು. ಕಾರಣಗಳು ಹಲವು, ಆದರೆ ಆರೋಪಿ ಮಾತ್ರ ಒಬ್ಬಳೇ. ತಂದೆಯ ಕಡೆಗೆ ಯಾರೂ ಬೆರಳು ತೋರಿಸಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ನನ್ನಾಕೆ ಎದುರು ಮಾತನಾಡಲಿಲ್ಲ. ಆದರೆ ರಾತ್ರಿ ಎಲ್ಲರೂ ಮಲಗಿದ ಮೇಲೆ ಮಗುವನ್ನು ದಿಂಬುಗಳ ನಡುವೆ ಕೂರಿಸಿ, ಮೆಲ್ಲಗೆ ಕೈಬಿಟ್ಟು, ಒಂದು, ಎರಡು, ಮೂರು ಎಂದು ಎಣಿಸುತ್ತಿದ್ದಳು. ಎಣಿಕೆ ಐದನ್ನು ದಾಟುತ್ತಿರಲಿಲ್ಲ. ಅವಳ ಊಟ ದಿನೇ ದಿನೇ ಕಡಿಮೆಯಾಯಿತು.

ಎಂಟು ತಿಂಗಳು ತುಂಬಿದಾಗ ಮಕ್ಕಳ ವೈದ್ಯರಲ್ಲಿಗೆ ಹೋದೆವು. ಅವರು ಮಗುವಿನ ಕತ್ತಿನ ಹಿಡಿತವನ್ನು ನೋಡಿದರು. ಕೈಕಾಲುಗಳು ಬಿಗಿಯಾಗಿವೆಯೋ ಜೋಲಾಗಿವೆಯೋ, ಎಡಬಲಗಳು ಸಮನಾಗಿ ಆಡುತ್ತವೆಯೋ ಎಂದು ಪರೀಕ್ಷಿಸಿದರು. ಹಿಂದಿನಿಂದ ಗಿಲಕಿ ಆಡಿಸಿದರು. ಮಗಳು ತಟ್ಟನೆ ತಿರುಗಿ ನಕ್ಕಳು. ಬಳಿಕ ಅವರು ಒಂದು ಪಟ್ಟಿಯನ್ನು ನಮ್ಮ ಮುಂದಿಟ್ಟರು.

ವಿಶ್ವ ಆರೋಗ್ಯ ಸಂಸ್ಥೆಯವರು ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಎಂಬ ಐದು ದೇಶಗಳ ಆರೋಗ್ಯವಂತ ಶಿಶುಗಳನ್ನು ತಿಂಗಳು ತಿಂಗಳೂ ಗಮನಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕವದು. ಭಾರತದ ಪರವಾಗಿ ದೆಹಲಿಯ ಮಕ್ಕಳಿದ್ದರು. ಅದರಂತೆ ಆಸರೆಯಿಲ್ಲದೆ ಕುಳಿತುಕೊಳ್ಳುವ ಕಾಲ 3.8 ತಿಂಗಳಿಂದ 9.2 ತಿಂಗಳವರೆಗೆ ಚಾಚಿಕೊಂಡಿದೆ. ತಾನಾಗಿ ನಡೆಯುವ ಕಾಲವಂತೂ 8.2ರಿಂದ 17.6 ತಿಂಗಳು. ಅಂಬೆಗಾಲಿಡದೆಯೇ ನಡೆಯಲು ಕಲಿತ ಮಕ್ಕಳೂ ನೂರಕ್ಕೆ ನಾಲ್ಕರಷ್ಟಿದ್ದರು. "ಇದು ರೈಲಿನ ವೇಳಾಪಟ್ಟಿಯಲ್ಲಮ್ಮ, ಬಾಗಿಲು. ಒಳಗೆ ಬರುವುದಕ್ಕೆ ಎಷ್ಟು ಅಗಲವಿದೆ ನೋಡಿ" ಎಂದರು ವೈದ್ಯರು.

ಹಾಗೆಂದು ಎಲ್ಲವನ್ನೂ ಕಾಲಕ್ಕೆ ಬಿಟ್ಟು ಕೂರಬಾರದೆಂದೂ ಎಚ್ಚರಿಸಿದರು. ಮೂರು ತಿಂಗಳಾದರೂ ಮುಖ ನೋಡಿ ನಗದಿರುವುದು, ಐದಾದರೂ ಕತ್ತು ನಿಲ್ಲದಿರುವುದು, ಸದ್ದಿಗೆ ಓಗೊಡದಿರುವುದು, ವರ್ಷದೊಳಗೇ ಒಂದು ಕೈಯನ್ನು ಮಾತ್ರ ಬಳಸುವುದು, ಕಲಿತ ವಿದ್ಯೆಯನ್ನು ಮರೆಯುವುದು, ಒಂಬತ್ತು ತಿಂಗಳು ತುಂಬಿದರೂ ಕೂರದಿರುವುದು: ಇವುಗಳಲ್ಲಿ ಒಂದು ಕಂಡರೂ ನೆರೆಯವರನ್ನು ಕೇಳದೆ ವೈದ್ಯರನ್ನೇ ಕೇಳಬೇಕು.

ಎಂಟೂವರೆ ತಿಂಗಳಿಗೆ ಮಗಳು ಕುಳಿತಳು. ಅಂಬೆಗಾಲನ್ನು ಮಾತ್ರ ಇಡಲೇ ಇಲ್ಲ. ನಮ್ಮ ದೇವರಮನೆಯಲ್ಲಿ ಅಂಬೆಗಾಲಿನ ಹಿತ್ತಾಳೆಯ ಕೃಷ್ಣನಿದ್ದಾನೆ. ಅವನ ಮಾದರಿಯನ್ನು ಇವಳು ಒಪ್ಪಲಿಲ್ಲ. ಕುಳಿತಂತೆಯೇ ಒಂದು ಕಾಲನ್ನು ಮಡಿಸಿ, ಇನ್ನೊಂದನ್ನು ದೋಣಿಯ ಹುಟ್ಟಿನಂತೆ ಹಾಕುತ್ತ ಮನೆಯೆಲ್ಲ ಸರಿದಾಡಿದಳು. ಇಂಥ ಮಕ್ಕಳು ನಡೆಯುವುದು ಸ್ವಲ್ಪ ತಡ, ಇದು ವಂಶದಲ್ಲಿಯೂ ಬರುವುದುಂಟು ಎಂದು ವೈದ್ಯರು ಹೇಳಿದುದನ್ನು ಕೇಳಿ ನಮ್ಮ ತಾಯಿಯವರು ಸೊಸೆಗೆ ಅಂದರು: "ಇವನೂ ಹೀಗೆಯೇ ಸರಿದಾಡುತ್ತಿದ್ದ ಕಣೆ, ಎಷ್ಟು ಚಡ್ಡಿ ಹರಿದನೋ!" ಆರೋಪ ಕೊನೆಗೂ ಅದರ ವಿಳಾಸಕ್ಕೆ ಬಂದು ತಲುಪಿತು. ನಾನು ಸಂತೋಷದಿಂದಲೇ ಸ್ವೀಕರಿಸಿದೆ. ಅಂದು ನನ್ನಾಕೆ ಹೊಟ್ಟೆತುಂಬ ಊಟ ಮಾಡಿದಳು.

ಹನ್ನೊಂದನೆಯ ತಿಂಗಳಲ್ಲಿ ಮಗಳು ಕುಳಿತುಕೊಂಡೇ ಹೊಸ್ತಿಲು ದಾಟಿದಳು. ನಮ್ಮ ತಾಯಿ ಹೊಸ್ತಿಲಿಗೆ ಅರಿಶಿನ ಕುಂಕುಮವಿಟ್ಟು ಸಿಹಿ ಹಂಚಿದರು. "ದಾಟಬೇಕೆಂದು ಶಾಸ್ತ್ರವಿದೆಯೇ ಹೊರತು ಹೀಗೆಯೇ ದಾಟಬೇಕೆಂದಿಲ್ಲ" ಎಂಬುದು ಅವರ ವ್ಯಾಖ್ಯಾನ. ಆ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ನಮ್ಮ ಹಿರಿಯರು ನಾಮಕರಣಕ್ಕೆ ದಿನವನ್ನು ಗೊತ್ತುಮಾಡಿದರು, ಅನ್ನಪ್ರಾಶನಕ್ಕೆ ತಿಂಗಳನ್ನು ಗೊತ್ತುಮಾಡಿದರು. ಏಕೆಂದರೆ ಅವು ದೊಡ್ಡವರು ಮಾಡುವ ಕೆಲಸಗಳು. ಬೋರಲು ಬೀಳುವುದಕ್ಕೆ, ಹೊಸ್ತಿಲು ದಾಟುವುದಕ್ಕೆ ದಿನ ಗೊತ್ತುಮಾಡಲಿಲ್ಲ. ಮಗು ದಾಟಿದ ದಿನವೇ ಹಬ್ಬ. ಇಲ್ಲಿ ಜೋಯಿಸನೂ ಮಗುವೇ, ಮುಹೂರ್ತವೂ ಅದರದೇ. ಐದು ದೇಶಗಳ ಲೆಕ್ಕ ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ನಡಿಗೆ ಬೇಗ ಬರಲೆಂದು ಬಂಧುವೊಬ್ಬರು ಗಾಲಿಗಳ ವಾಕರ್ ತಂದುಕೊಟ್ಟರು. ಅದು ನಡಿಗೆಯನ್ನು ಕಲಿಸುವುದಿಲ್ಲ, ಮೆಟ್ಟಿಲಿನಿಂದ ಉರುಳಿಸುತ್ತದೆ ಎಂದು ವೈದ್ಯರು ಬೇಡವೆಂದರು. ಕೆನಡಾ ದೇಶವು 2004ರಲ್ಲಿಯೇ ಅದರ ಮಾರಾಟವನ್ನು ನಿಷೇಧಿಸಿದೆ. ಅದನ್ನು ಅಟ್ಟಕ್ಕೇರಿಸಿದೆವು. ಹದಿನಾರನೆಯ ತಿಂಗಳಲ್ಲಿ ಮಗಳು ಗೋಡೆಯನ್ನು ಬಿಟ್ಟು ನಾಲ್ಕು ದಟ್ಟಡಿಗಳನ್ನಿಟ್ಟು, ಐದನೆಯದಕ್ಕೆ ಕುಳಿತು, ತಾನೇ ಚಪ್ಪಾಳೆ ತಟ್ಟಿಕೊಂಡಳು.

ವಾಚಕರಲ್ಲಿ ಒಂದೇ ಬಿನ್ನಹ. ಕೂಸಿರುವ ಮನೆಗೆ ಹೋದಾಗ ಅದಕ್ಕೆ ಏನೇನು ಬರುತ್ತದೆಂದು ಲೆಕ್ಕ ಕೇಳಬೇಡಿ. ಅದರ ತಾಯಿಗೆ ರಾತ್ರಿ ನಿದ್ರೆ ಬಂದಿತೆ, ಮಧ್ಯಾಹ್ನ ಊಟವಾಯಿತೆ ಎಂದು ಕೇಳಿ. ಇಲ್ಲವೆಂದರೆ ಮಗುವನ್ನು ಒಂದು ಗಳಿಗೆ ನೀವೇ ಎತ್ತಿಕೊಳ್ಳಿ.